ಠಾಗೋರರ ಚಂಡಾಲಿಕೆ, ಬಂಗಾಳದ 30 ಸೀಟು



ಮೇ 7 ಬಂತಂದ್ರ ಎಲ್ಲರ ಸ್ಟೇಟಸ್‌ನಾಗೂ ರವೀಂದ್ರನಾಥ ಠಾಗೋರರ ಬಿಳಿ ಗಡ್ಡದ ಫೋಟೋ. ಮ್ಯಾಲೆ ‘ವಿಶ್ವಕವಿ’, ಕೆಳಗ ಎರಡು ಸಾಲು ಕವಿತೆ. ನಮ್ಮ ಮನಗೂಳಿಯ ಓಣಿ ಹುಡುಗರು ನನ್ನನ್ನ ಕೇಳ್ತಾರ: “ಕಾಕಾ, ಈ ಠಾಗೋರ್ ನಮ್ಮ ಪರ ಇದ್ರೋ, ಇಲ್ಲೋ?” ಹೌದು ಅಂದ್ರೂ ಅರ್ಧ ಸತ್ಯ, ಇಲ್ಲ ಅಂದ್ರೂ ಅರ್ಧ ಸತ್ಯ. ಅದಕ್ಕ ಉದ್ದಕ್ಕ ಬರೀತೀನಿ. ಪುರುಸೊತ್ತು ಮಾಡ್ಕೊಂಡು ಓದ್ರಿ.

ಕತೆ ಶುರುವಾಗೋದು ಬಂಗಾಳದಾಗ ಅಲ್ಲ, ನಮ್ಮ ಕಾರವಾರದಾಗ. ಠಾಗೋರರ ಅಣ್ಣ ಸತ್ಯೇಂದ್ರನಾಥ ಠಾಗೋರ್ ಐಸಿಎಸ್ ಪಾಸಾದ ಮೊದಲ ಭಾರತೀಯ. ಬೊಂಬಾಯಿ ಪ್ರಾಂತ್ಯದಲ್ಲಿ ನೌಕರಿ. ಆಗ ಕಾರವಾರವೂ ಅದೇ ಪ್ರಾಂತ್ಯ, ನಮ್ಮ ಬಿಜಾಪುರವೂ ಅದೇ ಪ್ರಾಂತ್ಯ. ಅಣ್ಣ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ಅಲ್ಲಿಗೆ ಬಂದ. 1883ರ ಮಾತು, ಕವಿಗೆ 22ರ ವಯಸ್ಸು. ಕಡಲು, ಕಾಳಿ ನದಿ, ಬೆಳದಿಂಗಳಲ್ಲಿ ದೋಣಿ ಪ್ರಯಾಣ: ಇದನ್ನೆಲ್ಲ ಮುಂದೆ ತಮ್ಮ ಆತ್ಮಕತೆಯಲ್ಲಿ ನೆನೆಸಿಕೊಂಡಿದ್ದಾರೆ. ಈಗ ಅಲ್ಲಿಯ ಕಡಲತೀರಕ್ಕೆ ಅವರದೇ ಹೆಸರು.

ಪ್ರವಾಸಿಗರಿಗೆ ಅಷ್ಟು ಗೊತ್ತು. ಆದರೆ ಕಾರವಾರದಲ್ಲಿ ಅವರು ಬರೆದದ್ದೇನು ಅನ್ನೋದು ನಮಗೆ ಮುಖ್ಯ. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕ, 1884ರಲ್ಲಿ ಅಚ್ಚಾಯಿತು. ‘ಪ್ರಕೃತಿಯ ಸೇಡು’ ಅಂತ ಅರ್ಥ. ಗುಹೆಯಲ್ಲಿ ತಪಸ್ಸು ಮಾಡಿ ಲೋಕದ ಹಂಗು ಹರಿದುಕೊಂಡೆ ಅಂತ ಬೀಗುವ ಒಬ್ಬ ಸನ್ಯಾಸಿ. ಅವನಿಗೆ ಎದುರಾಗುವವಳು ಒಬ್ಬ ತಬ್ಬಲಿ ಹುಡುಗಿ. ಜನ ಅವಳನ್ನ ಮುಟ್ಟೋದಿಲ್ಲ, ಹತ್ತಿರ ಬಂದ್ರೆ ದೂರ ಸರೀತಾರ. ಅವಳು ಸನ್ಯಾಸಿಯನ್ನ ಅಪ್ಪಾ ಅಂತ ಕರೀತಾಳೆ. ಅವನ ಮನಸ್ಸು ಕರಗತೈತಿ. ಮಮತೆಯ ಬಲೆಗೆ ಬಿದ್ದೆನಲ್ಲ ಅಂತ ಹೆದರಿ ಅವಳನ್ನ ಬಿಟ್ಟು ಓಡ್ತಾನೆ. ಕಡೆಗೆ ದಂಡ, ಭಿಕ್ಷಾಪಾತ್ರೆ ಎಸೆದು ತಿರುಗಿ ಬರ್ತಾನೆ. ಅಷ್ಟೊತ್ತಿಗೆ ಹುಡುಗಿ ಸತ್ತಿರ್ತಾಳೆ.

ನೋಡ್ರಿ, 22 ವರ್ಷದ ಜಮೀನ್ದಾರ ಮನೆತನದ ಹುಡುಗ ಅಸ್ಪೃಶ್ಯ ಹುಡುಗಿಯನ್ನ ನಾಟಕದ ನಡುವೆ ತಂದು ನಿಲ್ಲಿಸಿದ್ದು ಸಣ್ಣ ಮಾತಲ್ಲ. ಆದರೆ ಆ ಹುಡುಗಿಗೆ ಅಲ್ಲಿ ಇರುವ ಕೆಲಸ ಒಂದೇ: ಸನ್ಯಾಸಿಗೆ ಬುದ್ಧಿ ಬರುವಂತೆ ಸಾಯುವುದು. ಪಾಠ ಅವನಿಗೆ, ಸಾವು ಅವಳಿಗೆ. ಅದೇ 1883ರಲ್ಲಿ, ಅದೇ ಬೊಂಬಾಯಿ ಪ್ರಾಂತ್ಯದಲ್ಲಿ, ಪುಣೆಯ ಜೋತಿಬಾ ಫುಲೆಯವರು ‘ಶೇತಕಱ್ಯಾಚಾ ಅಸೂಡ’ ಬರೆದು ಮುಗಿಸುತ್ತಿದ್ದರು. ಅದರಲ್ಲಿ ಶೂದ್ರ ರೈತ ಸಾಯಲು ಬಂದವನಲ್ಲ, ಲೆಕ್ಕ ಕೇಳಲು ಬಂದವನು. ಒಂದೇ ಕಾಲ, ಒಂದೇ ಸರ್ಕಾರ, ಎರಡು ಕಣ್ಣು.

ಠಾಗೋರರು ಅಲ್ಲೇ ನಿಲ್ಲಲಿಲ್ಲ, ಇದನ್ನೂ ಹೇಳಬೇಕು. 1910ರ ಬಂಗಾಳಿ ‘ಗೀತಾಂಜಲಿ’ಯಲ್ಲೇ, ಯಾರನ್ನ ನೀನು ಅವಮಾನಿಸಿದೆಯೋ ಅವರ ಸಾಲಿಗೇ ನೀನೂ ಇಳಿಯಬೇಕಾಗುತ್ತೆ ಅಂತ ದೇಶಕ್ಕೆ ಎಚ್ಚರಿಕೆ ಕೊಡುವ ಕವಿತೆ ಇದೆ. 1913ರ ನೊಬೆಲ್ ಬಂದಾಗ ಜನ ಕುಣಿದಾಡಿದ್ದು ಇಂಗ್ಲಿಷ್ ‘ಗೀತಾಂಜಲಿ’ಯ ಭಕ್ತಿಗೆ. ಈ ಸಿಟ್ಟಿನ ಕವಿತೆಯನ್ನ ಸ್ಟೇಟಸ್‌ಗೆ ಹಾಕಿದವರನ್ನ ನಾನಂತೂ ಕಂಡಿಲ್ಲ. 1934ರಲ್ಲಿ ಬಿಹಾರದ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ಗಾಂಧೀಜಿ ಹೇಳಿದಾಗ, ಅಸ್ಪೃಶ್ಯತೆ ಪಾಪ ನಿಜ, ಆದರೆ ಭೂಕಂಪಕ್ಕೂ ಅದಕ್ಕೂ ಗಂಟು ಹಾಕಬೇಡಿ ಅಂತ ಬಹಿರಂಗವಾಗಿ ವಿರೋಧಿಸಿದವರೂ ಇದೇ ಠಾಗೋರರು.

ಇನ್ನು 1933ರ ‘ಚಂಡಾಲಿಕಾ’. ಕಾರವಾರದ ನಾಟಕ ಬರೆದು 50 ವರ್ಷ ಆಗಿತ್ತು. ಶ್ರಾವಸ್ತಿಯಲ್ಲಿ ಬುದ್ಧನ ಶಿಷ್ಯ ಆನಂದ ಬಾಯಾರಿ ಬಂದು ಬಾವಿ ಹತ್ತಿರದ ಹುಡುಗಿಗೆ ನೀರು ಕೇಳ್ತಾನೆ. ನಾನು ಚಂಡಾಲ ಜಾತಿಯವಳು ಅಂತ ಅವಳು ಹಿಂಜರೀತಾಳೆ. ನಾನೂ ನೀನೂ ಮನುಷ್ಯರೇ ಅಂತ ಹೇಳಿ ಕುಡೀತಾನೆ. ಆ ಹುಡುಗಿಯ ಹೆಸರೇ ಪ್ರಕೃತಿ. ಈ ಪ್ರಕೃತಿ ಸಾಯೋದಿಲ್ಲ. ಮಾತಾಡ್ತಾಳೆ, ಆಸೆ ಪಡ್ತಾಳೆ, ಅವಮಾನ ಮಾಡುವ ಧರ್ಮ ನನ್ನ ಧರ್ಮ ಅಲ್ಲ ಅಂತಾಳೆ. ತಾಯಿಯಿಂದ ಮಂತ್ರ ಹಾಕಿಸಿ ಆನಂದನನ್ನ ಎಳೆದು ತರಿಸ್ತಾಳೆ. ಕಡೆಗೆ ಅವನು ಸೊರಗಿ ಹೋದದ್ದನ್ನ ಕಂಡು ತಾನೇ ಬಿಡಿಸ್ತಾಳೆ. ಈ ಸಲ ಸಾಯುವವಳು ಅವಳ ತಾಯಿ. ಅಂತೂ ಒಬ್ಬಾಕಿ ಸಾಯಲೇಬೇಕಿತ್ತು ನೋಡ್ರಿ.

ಈ ಕತೆ ಠಾಗೋರರ ಸ್ವಂತದ್ದಲ್ಲ, ಬೌದ್ಧರ ‘ಶಾರ್ದೂಲಕರ್ಣಾವದಾನ’ದ್ದು. ಮೂಲದಲ್ಲಿ ಏನಾಗುತ್ತೆ? ಬುದ್ಧ ಆ ಹುಡುಗಿಯನ್ನ ಭಿಕ್ಖುಣಿಯಾಗಿ ಸಂಘಕ್ಕೆ ಸೇರಿಸಿಕೊಳ್ತಾನೆ. ಊರ ಬ್ರಾಹ್ಮಣರು, ರಾಜ ಪ್ರಸೇನಜಿತ್ ತಕರಾರು ತೆಗೀತಾರ. ಆಗ ಬುದ್ಧ, ತನ್ನ ಮಗನಿಗೆ ಬ್ರಾಹ್ಮಣನ ಮಗಳನ್ನ ಕೇಳಿದ ಮಾತಂಗ ರಾಜ ತ್ರಿಶಂಕುವಿನ ಕತೆ ಹೇಳ್ತಾನೆ. ಜಾತಿ ಅನ್ನೋದು ಸುಳ್ಳು ಅಂತ ಆ ರಾಜ ಮಾಡುವ ವಾದ ಪುಟಗಟ್ಟಲೆ ನಡೀತೈತಿ. ಠಾಗೋರರು ಸಂಘ ಪ್ರವೇಶವನ್ನೂ ಆ ವಾದವನ್ನೂ ಕೈಬಿಟ್ಟರು, ಹುಡುಗಿಯ ಮನಸ್ಸಿನ ತಳಮಳವನ್ನಷ್ಟೇ ಇಟ್ಟುಕೊಂಡರು.

ಇದೇ ಕತೆಯನ್ನ 1922ರಲ್ಲೇ ಮಲಯಾಳಂನಲ್ಲಿ ಬರೆದವರು ಕುಮಾರನ್ ಆಶಾನ್, ಕಾವ್ಯದ ಹೆಸರು ‘ಚಂಡಾಲಭಿಕ್ಷುಕಿ’. ಆಶಾನ್ ಈಳವರು, ಜಾತಿಯ ಬಿಸಿ ಮೈಮೇಲೆ ಉಂಡವರು. ನಮ್ಮ ಬೆಂಗಳೂರಲ್ಲಿ ಸಂಸ್ಕೃತ ಓದಿ ಆಮೇಲೆ ಕಲ್ಕತ್ತೆಗೆ ಹೋಗಿ ಓದಿದವರು. ಅವರ ಕಾವ್ಯದಲ್ಲಿ ಹುಡುಗಿ ಸಂಘ ಸೇರ್ತಾಳೆ, ರಾಜ ಪ್ರಶ್ನೆ ಮಾಡ್ತಾನೆ, ಬುದ್ಧ ಉತ್ತರ ಕೊಡ್ತಾನೆ. ಯಾರಿಗೆ ಯಾವ ಭಾಗ ಮುಖ್ಯ ಅನಿಸಿತು ಅನ್ನೋದರಲ್ಲೇ ಎಲ್ಲಾ ಐತಿ.

ಇನ್ನೊಂದು ಮಾತು. ‘ಚಂಡಾಲ’ ಅನ್ನೋದು ಬಂಗಾಳದಲ್ಲಿ ಪುರಾಣದ ಶಬ್ದ ಆಗಿರಲಿಲ್ಲ. ಲಕ್ಷಾಂತರ ಜನರನ್ನ ಸರ್ಕಾರಿ ಜನಗಣತಿಯಲ್ಲೇ ಹಂಗ ಬರೀತಿದ್ರು. ಆ ಜನ 1873ರ ಹೊತ್ತಿಗೇ ಪೂರ್ವ ಬಂಗಾಳದಲ್ಲಿ ಮೇಲ್ಜಾತಿಯವರ ಕೆಲಸಕ್ಕೆ ಬಹಿಷ್ಕಾರ ಹಾಕಿದ್ದರು. ಮುಂದೆ ಗುರುಚಾಂದ ಠಾಕೂರರ ಮುಂದಾಳತ್ವದಲ್ಲಿ ಶಾಲೆ ತೆರೆದರು, ಹೋರಾಡಿದರು. 1911ರ ಜನಗಣತಿಯಲ್ಲಿ ‘ನಾಮಶೂದ್ರ’ ಅಂತ ಬರೆಸಿಕೊಂಡರು. ಅವರು ಕಿತ್ತೊಗೆದ 22 ವರ್ಷದ ಮೇಲೆ ಆ ಹೆಸರು ನಾಟಕದ ತಲೆಬರಹವಾಯಿತು. ಹಂಗೇ 1927ರ ಮಾರ್ಚ್ 20ಕ್ಕೆ ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಮತ್ತು ನಮ್ಮ ಜನ ನೀರು ಕುಡಿದಾಗ, ಯಾವ ಭಿಕ್ಷು ಬಂದು ನೀರು ಕೇಳಲಿ ಅಂತ ಕಾಯುತ್ತ ಕೂತಿರಲಿಲ್ಲ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. 1932ರ ಸೆಪ್ಟೆಂಬರ್. ಪ್ರತ್ಯೇಕ ಮತಕ್ಷೇತ್ರದ ವಿರುದ್ಧ ಯೆರವಡಾ ಜೈಲಿನಲ್ಲಿ ಗಾಂಧೀಜಿ ಉಪವಾಸ. ಬಾಬಾಸಾಹೇಬರ ಮೇಲೆ ಇಡೀ ದೇಶದ ಒತ್ತಡ. 24ಕ್ಕೆ ಪೂನಾ ಒಪ್ಪಂದ. ಪ್ರತ್ಯೇಕ ಮತಕ್ಷೇತ್ರ ಕಳಕೊಂಡೆವು. ಪ್ರಾಂತ್ಯಗಳ ಸಭೆಗಳಲ್ಲಿ 71 ಇದ್ದ ಸೀಟು 148 ಆದವು. ನಮ್ಮ ಬೊಂಬಾಯಿ ಪ್ರಾಂತ್ಯಕ್ಕೆ 15, ಬಂಗಾಳಕ್ಕೆ 30. 26ಕ್ಕೆ ಗಾಂಧೀಜಿ ಉಪವಾಸ ಬಿಟ್ಟಾಗ ಠಾಗೋರರು ಪಕ್ಕದಲ್ಲೇ ಇದ್ದರು, ಹಾಡಿದರು. ಒಪ್ಪಂದಕ್ಕೆ ಬೆಂಬಲವನ್ನೂ ಕೊಟ್ಟಿದ್ದರು.

ಆದರೆ 1933ರ ಜುಲೈನಲ್ಲಿ, ಅಂದ್ರ ‘ಚಂಡಾಲಿಕಾ’ ಬಂದ ಅದೇ ವರ್ಷ, ಲಂಡನ್ನಿನಲ್ಲಿದ್ದ ಸರ್ ನೃಪೇಂದ್ರನಾಥ ಸರ್ಕಾರ್ ಅವರಿಗೆ ಠಾಗೋರರ ತಂತಿ ಹೋಯಿತು: ಅವಸರದಲ್ಲಿ ಒಪ್ಪಿದೆ, ಬಂಗಾಳದ ಮಟ್ಟಿಗೆ ಇದು ಅನ್ಯಾಯ ಅನ್ನೋ ಅರ್ಥದ್ದು. ಯಾಕೆ? 250 ಸ್ಥಾನದ ಬಂಗಾಳ ಸಭೆಯಲ್ಲಿ ಮುಂದೆ ‘ಸಾಮಾನ್ಯ’ ಸ್ಥಾನ ಉಳಿದದ್ದು 78. ಅದರಲ್ಲಿ 30 ಪರಿಶಿಷ್ಟರಿಗೆ. ಭದ್ರಲೋಕದ ಹೊಟ್ಟೆ ಉರಿದದ್ದು ಅಲ್ಲಿ. 1936ರಲ್ಲಿ ಕೋಮುವಾರು ತೀರ್ಪಿನ ವಿರುದ್ಧ ಕಲ್ಕತ್ತೆಯ ಟೌನ್ ಹಾಲ್‌ನಲ್ಲಿ ಸಭೆ ಸೇರಿದಾಗ ಅಧ್ಯಕ್ಷತೆಯೂ ಠಾಗೋರರದ್ದೇ. ಬಾವಿ ಕಟ್ಟೆಯ ಹುಡುಗಿಗೆ ಕಣ್ಣೀರು ಹಾಕಿದ ಕವಿಗೆ, ಅವಳ ಅಣ್ಣ ಶಾಸನಸಭೆಯ ಕುರ್ಚಿ ಮೇಲೆ ಕೂರೋದು ಭಾರ ಅನಿಸಿತು.

ಆ 30 ಸೀಟು ಮುಂದೆ ಏನು ಮಾಡಿದವು ಗೊತ್ತೇನು? 1946ರಲ್ಲಿ ಸಂವಿಧಾನ ಸಭೆಗೆ ಪ್ರಾಂತ್ಯಗಳ ಶಾಸಕರು ಸದಸ್ಯರನ್ನ ಆರಿಸಬೇಕಿತ್ತು. ಬೊಂಬಾಯಿಯಿಂದ ಬಾಬಾಸಾಹೇಬರನ್ನ ಕಳಿಸುವಷ್ಟು ಬಲ ಪರಿಶಿಷ್ಟ ಜಾತಿ ಫೆಡರೇಶನ್ನಿಗೆ ಇರಲಿಲ್ಲ. ಕೈ ಹಿಡಿದದ್ದು ಬಂಗಾಳ. ನಾಮಶೂದ್ರರ ಮಗ ಜೋಗೇಂದ್ರನಾಥ ಮಂಡಲ್ ಮುಂದೆ ನಿಂತರು, ಬಂಗಾಳದ ಪರಿಶಿಷ್ಟ ಶಾಸಕರ ಓಟಿನಿಂದ ಅಂಬೇಡ್ಕರ್ ಗೆದ್ದರು. 1946ರ ಡಿಸೆಂಬರ್ 17ರಂದು ಸಂವಿಧಾನ ಸಭೆಯಲ್ಲಿ ಅವರು ಮೊದಲ ಸಲ ಮಾತಾಡಿದ್ದು ಬಂಗಾಳದ ಪ್ರತಿನಿಧಿಯಾಗಿ. ದೇಶ ವಿಭಜನೆಯಲ್ಲಿ ಆ ಸ್ಥಾನ ಹೋಯಿತು, 1947ರಲ್ಲಿ ಬೊಂಬಾಯಿಯಿಂದ ಮರಳಿ ಆರಿಸಿ ಬಂದರು. ಆದರೆ ಒಳಗೆ ಹೋಗಲು ಮೊದಲ ಬಾಗಿಲು ತೆರೆದದ್ದು ಆ 30 ಸೀಟಿನವರು. 1941ರ ಆಗಸ್ಟ್ 7ಕ್ಕೇ ತೀರಿಹೋಗಿದ್ದ ಠಾಗೋರರು ಅದನ್ನ ನೋಡಲಿಲ್ಲ.

ಇದನ್ನ ಯಾಕೆ ಬರೆದೆ ಅಂದ್ರ, ಠಾಗೋರರನ್ನ ಬೈಯಾಕ ಅಲ್ಲ. ಅವರು ಅವರ ಕಾಲದ ಮೇಲ್ಜಾತಿ ಕವಿಗಳಿಗಿಂತ ಬಹಳ ದೂರ ನಡೆದವರು. ಜಲಿಯನ್‌ವಾಲಾಬಾಗ್ ಆದ ಮೇಲೆ 1919ರಲ್ಲಿ ‘ಸರ್’ ಪದವಿ ಬೇಡ ಅಂದ ಧೈರ್ಯ ಅವರದ್ದು. ಅಂಥವರಿಗೇ ಕನಿಕರ ಸಲೀಸಾಗಿ ಬಂತು, ಪಾಲು ಕೊಡೋದು ಕಷ್ಟ ಆಯ್ತು ಅಂದ್ರ, ಉಳಿದವರ ಮಾತೇನು? ನಮ್ಮೂರುಗಳಾಗ ಇವತ್ತಿಗೂ ನೋಡ್ರಿ. ಏಪ್ರಿಲ್ 14ಕ್ಕ ಬಂದು ಮಾಲೆ ಹಾಕಿ ಕಣ್ಣು ಒದ್ದೆ ಮಾಡ್ಕೊಳ್ಳುವ ಮಂದಿಯೇ, ಪಂಚಾಯ್ತಿ ಅಧ್ಯಕ್ಷ ಸ್ಥಾನ ಮೀಸಲು ಬಂತಂದ್ರ “ಇನ್ನೂ ಎಷ್ಟು ವರ್ಷ ಇದು?” ಅಂತ ಮುಖ ತಿರುಗಿಸ್ತಾರ.

ಅದಕ್ಕ ಹುಡುಗರಿಗೆ ನನ್ನ ಉತ್ತರ ಇಷ್ಟು: ‘ಚಂಡಾಲಿಕಾ’ ಓದ್ರಿ, ಆಡಿಸ್ರಿ. ಆಡಿಸುವಾಗ ಆಶಾನರನ್ನೂ ಸೇರಿಸ್ರಿ, ಪ್ರಕೃತಿಯನ್ನ ಸಂಘದ ಬಾಗಿಲು ದಾಟಿಸ್ರಿ. ಠಾಗೋರರ ಜಯಂತಿ ದಿನ ಗುರುಚಾಂದ, ಜೋಗೇಂದ್ರನಾಥ ಮಂಡಲರ ಹೆಸರೂ ಎತ್ರಿ. ಮತ್ತೆ ಮುಂದಿನ ಪಂಚಾಯ್ತಿ ಚುನಾವಣೆಯಾಗ ಮೀಸಲು ಸೀಟಿಗೆ ಯಾರ ಮನೆಯ ಆಳನ್ನ ನಿಲ್ಲಿಸ್ತಾರ, ಯಾರು ಹಿಂದೆ ಕೂತು ಆಡಿಸ್ತಾರ ಅನ್ನೋದರ ಮೇಲೆ ಕಣ್ಣಿಡ್ರಿ.

ಜೈಭೀಮ್.