ಸ್ಮಾರಕಶಿಲೆ ಎಣಿಸದ ಗಾಯ

ಬೆಂಗಳೂರಿನ ಆರ್.ಟಿ. ನಗರಕ್ಕೆ ಸಮೀಪದ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸ್ಮಾರಕಸ್ತಂಭವನ್ನು ನಾವು ಕಾಣುತ್ತೇವೆ. 1918ನೆಯ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಗೆದ್ದ ದಳವಿದು. ಸ್ತಂಭವು ಆ ಮಹಾಯುದ್ಧದಲ್ಲಿ ಮಡಿದವರನ್ನು ಸ್ಮರಿಸುತ್ತದೆ; ತಲೆಗೆ ಪೆಟ್ಟಾಗಿ ಮರಳುವವನನ್ನು ಇಂಥ ಶಿಲೆಗಳು ಎಣಿಸುವುದಿಲ್ಲ.

1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಆಂಗ್ಲ ವೈದ್ಯರು ‘ಷೆಲ್ ಷಾಕ್’ ಎಂಬ ಹೆಸರನ್ನು ವೈದ್ಯಪತ್ರಿಕೆಯಲ್ಲಿ ಬಳಸಿದರು. ಹಲವರು ಅದನ್ನು ಹೇಡಿತನವೆಂದೇ ಬಗೆದರು. ಹೊರಗೆ ಗಾಯ ಕಾಣದಿದ್ದರೂ ಸ್ಫೋಟದ ಒತ್ತಡದಿಂದ ಮೆದುಳು ಘಾಸಿಗೊಳ್ಳಬಲ್ಲುದೆಂದು ಇಂದು ವಿದಿತವಾಗಿದೆ. ಮರೆವು, ನಿದ್ರಾಭಂಗ, ಅಕಾರಣ ಕೋಪ ಇವು ಅದರ ಲಕ್ಷಣಗಳು. ಇವನ್ನು ಮೊದಲು ಅರಿಯುವವಳು ಮಡದಿ ಅಥವಾ ತಾಯಿ. ದುಡಿಮೆ, ಶುಶ್ರೂಷೆಗಳೆರಡೂ ಅವಳ ಪಾಲಿಗೇ ಬರುತ್ತವೆ.

ಆದುದರಿಂದ ದಳದ ಚರಿತ್ರೆಗೆ ಶಿಲಾಲೇಖವೊಂದೇ ಸಾಲದು. ಯೋಧರ ಮನೆತನಗಳಲ್ಲಿ ಉಳಿದಿರಬಹುದಾದ ನೆನಪುಗಳನ್ನೂ ಸಂಗ್ರಹಿಸಬೇಕೆಂದು ನಾವು ಭಾವಿಸುತ್ತೇವೆ.