ಶಿಕಾರಿಪುರದ ಹೊಳೆಯೂ ಶ್ರೀರಂಗಪಟ್ಟಣದ ಕಲ್ಲುಸೇತುವೆಯೂ

ಮಲೆನಾಡಿನ ಯುದ್ಧಗಳನ್ನು ಕುರಿತ ಬರೆಹಗಳಲ್ಲಿ ಕೋಟೆಗಳಿಗೂ ಸೇನಾನಿಗಳಿಗೂ ದೊರೆತಿರುವ ಸ್ಥಾನ ಹೊಳೆಗಳಿಗೆ ದೊರೆತಿಲ್ಲ. ಶಿಕಾರಿಪುರದ ಮಗ್ಗುಲಲ್ಲಿ ಕುಮುದ್ವತಿ, ಸೊರಬದ ಮಗ್ಗುಲಲ್ಲಿ ದಂಡಾವತಿ, ಅದರಾಚೆ ವರದಾ: ಈ ಸೀಮೆಯಲ್ಲಿ ಸಾಗುವ ದಂಡು ಇಂತಹ ಹೊಳೆಗಳನ್ನು ದಾಟಲೇಬೇಕಾಗಿತ್ತು. ಬೇಸಗೆಯಲ್ಲಿ ನಡೆದು ದಾಟಬಹುದಾದ ನೀರು ಮಳೆಗಾಲದಲ್ಲಿ ಕಂದಕಕ್ಕಿಂತ ದೊಡ್ಡ ತಡೆಯಾಗುತ್ತಿತ್ತು.

1799ನೆಯ ವರ್ಷದ ಎರಡು ಘಟನೆಗಳನ್ನು ಜೊತೆಯಾಗಿ ನೋಡೋಣ. ಮೇ 4ರಂದು ಕಾವೇರಿಯ ನೀರು ಇಳಿದಿದ್ದುದರಿಂದಲೇ ಕಂಪನಿಯ ಸೈನಿಕರು ಪಾತ್ರದಲ್ಲಿ ನಡೆದು ಶ್ರೀರಂಗಪಟ್ಟಣದ ಕೋಟೆಯನ್ನು ಹೊಕ್ಕರು. ಅಲ್ಲಿಯ ಸೆರೆಯಿಂದ ಬಿಡುಗಡೆ ಹೊಂದಿದ ಧೋಂಡಿಯಾ ವಾಘನು ಬಿದನೂರು ಸೀಮೆಯಲ್ಲಿ ದಂಡು ಕೂಡಿಸಿದನು. ಆಗಸ್ಟಿನಲ್ಲಿ, ಮಳೆಯ ನಡುವೆಯೇ, ಶಿಕಾರಿಪುರದ ಬಳಿ ಅವನ ಪಡೆ ಸೋತಿತು. ಅವನು ಮರಾಠರ ಸೀಮೆಗೆ ಓಡಿದನು. ಮರುವರ್ಷ ಜೂನಿನಲ್ಲಿ ಅವನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ ಹರಿಹರದಲ್ಲಿ ತುಂಗಭದ್ರೆಯನ್ನು ಹರಿಗೋಲುಗಳಿಂದ ದಾಟಬೇಕಾಯಿತು. ಧೋಂಡಿಯನು 1800ರ ಸೆಪ್ಟೆಂಬರ್ 10ರಂದು ಹತನಾದನು. ತುಂಬಿದ ನದಿ ದೋಣಿಯುಳ್ಳ ಸೇನೆಗೆ ಅನುಕೂಲವೆಂದೂ ದೋಣಿಯಿಲ್ಲದ ಕುದುರೆ ದಂಡಿಗೆ ಕಂಟಕವೆಂದೂ ವೆಲ್ಲೆಸ್ಲಿ ಬಗೆದಿದ್ದನು. 1803ರ ಮರಾಠಾ ಯುದ್ಧದಲ್ಲಿ ಇದೇ ಲೆಕ್ಕವನ್ನು ಅನುಸರಿಸಿದನು.

ದೋಣಿಯು ಯುದ್ಧಕ್ಕೆ ಸಾಲಬಹುದು. ಬಂಡಿಯ ಸಂಚಾರಕ್ಕೂ ನಿತ್ಯದ ಆಡಳಿತಕ್ಕೂ ಸಾಲದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾವೇರಿಯ ಉತ್ತರ ಕವಲಿಗೆ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಕಟ್ಟಿದ, 1804ರಲ್ಲಿ ಮುಗಿದ ಕಲ್ಲುಸೇತುವೆಯ ಮಹತ್ವ ಇಲ್ಲಿದೆ. ಆರ್ಥರನ ಅಣ್ಣನೂ ಗವರ್ನರ್ ಜನರಲ್ಲನೂ ಆಗಿದ್ದ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರನ್ನು ಅದಕ್ಕೆ ಇಡಲಾಯಿತು. ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಕಂಪನಿಗೆ ತೆರಬೇಕಾಗಿದ್ದ ಸಂಸ್ಥಾನಕ್ಕೆ ಅಂತಹ ನಾಮಕರಣ ರಾಜಕೀಯ ವಿವೇಕವೂ ಆಗಿತ್ತೆಂದು ನಾವು ಊಹಿಸುತ್ತೇವೆ.

ಆದರೆ ಸೇತುವೆಯ ರಚನೆ ಬೇರೆಯ ಮಾತನ್ನು ಹೇಳುತ್ತದೆ. ಇದಕ್ಕೆ ಕಮಾನುಗಳಿಲ್ಲ. ಸಾಲಾಗಿ ನಿಲ್ಲಿಸಿದ ಕಲ್ಲುಕಂಬಗಳು, ಅವುಗಳ ಮೇಲೆ ಬೋದಿಗೆ, ತೊಲೆ, ಹಾಸುಗಲ್ಲು: ಇದು ನಮ್ಮ ದೇವಾಲಯ ಮಂಟಪಗಳ ಕ್ರಮ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ಗುಡಿಯಲ್ಲಿ ನಿಂತ ವಿದ್ಯಾರ್ಥಿಗೆ ಕಂಬವು ತೊಲೆಯನ್ನು ಹೊರುವ ಈ ತತ್ತ್ವ ಹೊಸದಲ್ಲ. ಕಲ್ಲು ಬೇರೆ, ಕಾಲ ಬೇರೆ, ಉದ್ದೇಶ ಬೇರೆ. ಭಾರ ಹೊರುವ ಬಗೆ ಒಂದೇ.

ಹೆಸರನ್ನಷ್ಟೇ ಓದಿದವರಿಗೆ ಈ ಸೇತುವೆ ಕಂಪನಿಯ ಕಾಲದ ಸ್ಮಾರಕವಾಗಿ ತೋರುವುದು. ಕಂಬಗಳನ್ನು ನೋಡಿದವರಿಗೆ ನಾಡಿನ ಕಲ್ಲುಕುಟಿಗರ ಕೆಲಸವಾಗಿ ಕಾಣುವುದು. ಇವೆರಡೂ ನಿಜವೇ. ಮೊದಲನೆಯದನ್ನು ನಮ್ಮ ಪಠ್ಯಗಳು ಹೇಳುತ್ತ ಬಂದಿವೆ. ಎರಡನೆಯದನ್ನು ಹೇಳಬೇಕಾದರೆ ಶಿಕಾರಿಪುರ, ಸೊರಬಗಳ ಶಾಸನಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು ಅಲ್ಲಿಯ ಹಳೆಯ ದಾರಿಗಳನ್ನೂ ಹೊಳೆ ದಾಟುವ ಎಡೆಗಳನ್ನೂ ನಡೆದು ನೋಡುವುದು ಅವಶ್ಯಕ.