ಹಕಾರದ ಹಿಂದಿನ ಕಥೆ

ಹೊಸೂರು, ಕೃಷ್ಣಗಿರಿ ಸೀಮೆಯ ಕನ್ನಡ ಮನೆಗಳಲ್ಲಿ ಹುಟ್ಟಿ ತಮಿಳು ಶಾಲೆಗಳಲ್ಲಿ ಓದಿದ ನಮಗೆ ಹಾಜರಿ ಕರೆಯುವ ಹೊತ್ತು ಒಂದು ಸಣ್ಣ ಪರೀಕ್ಷೆಯೇ ಆಗಿತ್ತು. ಮನೆಯ ಹೊನ್ನಪ್ಪ ಅಲ್ಲಿ ಒನ್ನಪ್ಪನಾಗುತ್ತಿದ್ದನು, ಹನುಮಕ್ಕ ಅನುಮಕ್ಕನಾಗುತ್ತಿದ್ದಳು. ತರಗತಿಯೆಲ್ಲ ನಗುತ್ತಿತ್ತು. ತಿದ್ದಿ ಹೇಳಲು ನಾಚಿ, 'ಉಳ್ಳೇನ್ ಐಯಾ' ಎಂದು ಕುಳಿತುಬಿಡುತ್ತಿದ್ದೆವು. ಇಂಥ ಹೆಸರನ್ನು ಏಕೆ ಇಟ್ಟರೋ ಎಂದು ಹಿರಿಯರ ಮೇಲೆ ಮುನಿಸಿಕೊಂಡವರೂ, ಮುಂದೆ ತಮ್ಮ ಮಕ್ಕಳಿಗೆ ಹಕಾರವಿಲ್ಲದ ಹೆಸರನ್ನೇ ಹುಡುಕಿ ಇಟ್ಟವರೂ ನಮ್ಮಲ್ಲಿ ಇದ್ದೇವೆ.

ನಮ್ಮ ಊರಿನ ಪಾಡೂ ಇದೇ. ಕನ್ನಡದ ಹೊಸೂರು ತಮಿಳು ಫಲಕಗಳಲ್ಲಿ 'ಓಸೂರ್'. ತಮಿಳಿನ ಮೂಲ ಅಕ್ಷರಮಾಲೆಯಲ್ಲಿ ಹಕಾರವಿಲ್ಲ. ಬೇಕಾದಾಗ ಗ್ರಂಥಲಿಪಿಯಿಂದ ಬಂದ ಅಕ್ಷರವನ್ನು ಬಳಸುತ್ತಾರೆ. ಆದುದರಿಂದ ಇದು ತಾತ್ಸಾರವಲ್ಲ, ನಾಲಗೆಯ ರೂಢಿ. ನಮ್ಮ ಹಳ್ಳಿಗಾಡಿನ ಕನ್ನಡದಲ್ಲಿಯೂ ಹಾಲು 'ಆಲು', ಹೋಗು 'ಓಗು' ಆಗುವುದುಂಟು. ನಮ್ಮ ಅಜ್ಜಂದಿರೂ ಸಂತೆಗೆಂದು 'ಓಸೂರಿ'ಗೇ ಹೊರಡುತ್ತಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಕನ್ನಡದಲ್ಲಿಯೂ ಈ ಮಾತುಗಳಿಗೆ ಹಕಾರವಿರಲಿಲ್ಲ. ಹತ್ತನೆಯ ಶತಮಾನದಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನ ಭಾಷೆಯಲ್ಲಿ ಹೊಸತು 'ಪೊಸತು', ಹಾಲು 'ಪಾಲ್', ಹೊನ್ನು 'ಪೊನ್'. ಮುಂದಿನ ಕೆಲವು ಶತಮಾನಗಳಲ್ಲಿ ಪಕಾರವು ಹಕಾರವಾಗಿ ಮಾರ್ಪಟ್ಟು, ನಡುಗನ್ನಡ ಮೈದಳೆಯಿತು. ತಮಿಳು ಪಕಾರವನ್ನು ಹಾಗೆಯೇ ಉಳಿಸಿಕೊಂಡಿತು. ಅವರ 'ಪುದು', ನಮ್ಮ 'ಪೊಸ' ಎರಡೂ ಒಂದೇ ದ್ರಾವಿಡ ಬೇರಿನ ಚಿಗುರುಗಳು. ತಮಿಳುನಾಡಿನ ಪುದೂರುಗಳೂ ನಮ್ಮ ಹೊಸೂರೂ ಅರ್ಥದಲ್ಲಿ ಒಂದೇ. ರಾಜಾಜಿಯವರು 1878ರಲ್ಲಿ ಹುಟ್ಟಿದ ತೊರಪಳ್ಳಿ ಹೊಸೂರಿನ ಸಮೀಪದಲ್ಲಿದೆ. ಆ 'ಪಳ್ಳಿ'ಯೇ ಗಡಿಯಾಚೆಗೆ 'ಹಳ್ಳಿ'. ತರಗತಿಯಲ್ಲಿ ನಗೆಗೀಡಾದ ಹೊನ್ನಪ್ಪನು ಪಕ್ಕದ ಬೆಂಚಿನ ಪೊನ್ನಪ್ಪನಿಗೆ ಹೆಸರಿನಲ್ಲಿ ಒಡಹುಟ್ಟಿದವನೇ ಆಗಿದ್ದನು. ಇದನ್ನು ತಿಳಿಯಲು ನಮಗೆ ಅರ್ಧ ಆಯುಷ್ಯ ಬೇಕಾಯಿತು.

ಈ ನಡುವೆ ನೆಲದ ಒಡೆತನ ಹಲವು ಬಾರಿ ಬದಲಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ ಟಿಪ್ಪುವಿನ ಕೈತಪ್ಪಿತು. 1799ರಲ್ಲಿ ಹೊಸೂರು ಸೀಮೆಯೂ ಮೈಸೂರನ್ನು ಬಿಟ್ಟು ಆಂಗ್ಲರ ವಶವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿ ನಮ್ಮ ಉತ್ತರಕ್ಕೇ ನಿಂತಿತು. ಜಿಲ್ಲೆಯ ಹೆಸರು ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಇಷ್ಟೆಲ್ಲ ವಿಳಾಸಗಳನ್ನು ಬದಲಿಸಿದರೂ ಊರು ಮಾತ್ರ ತನ್ನ ಕನ್ನಡ ಹೆಸರನ್ನು ಬಿಟ್ಟುಕೊಡಲಿಲ್ಲ. ನಂದಿಬೆಟ್ಟದ ಕಡೆಯಿಂದ ಹರಿದುಬರುವ ನಮ್ಮ ಹೊಳೆ ಕನ್ನಡಿಗರಿಗೆ ದಕ್ಷಿಣ ಪಿನಾಕಿನಿ, ತಮಿಳರಿಗೆ ತೆನ್ಪೆಣ್ಣೈ. ಎರಡು ಹೆಸರುಗಳಿಂದ ನೀರು ಎರಡಾಗಲಿಲ್ಲ.

ಇಂದು ನಮ್ಮ ಮೊಮ್ಮಕ್ಕಳು ತಮ್ಮ ಹೆಸರನ್ನು ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಬಲ್ಲರು. ಕನ್ನಡದಲ್ಲಿ ಬರೆಯಲು ಹಲವರಿಗೆ ಬಾರದು. ಹೆಸರು ತಪ್ಪಾಗಿ ಉಚ್ಚಾರವಾಗುವುದರಿಂದ ಅಳಿಯುವುದಿಲ್ಲ. ಅದರ ಕಥೆ ಮರೆತಾಗ ಅಳಿಯುತ್ತದೆ. ಸಮ್ಮೇಳನದಿಂದ ಮನೆಗೆ ಮರಳಿದ ದಿನವೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರ ಹೆಸರನ್ನೂ ಊರಿನ ಹೆಸರನ್ನೂ ಕನ್ನಡದಲ್ಲಿ ಬರೆಯಿಸೋಣ. 'ಹ' ಬರೆಯುವಾಗ ಅದರ ಹಿಂದಿನ 'ಪ'ದ ಕಥೆಯನ್ನೂ ಹೇಳೋಣ.